ಗ್ರಂಥಾಲಯದ ಬಾಗಿಲಲ್ಲಿ ಒಂದು ಪೆಟ್ಟಿಗೆ

ಸವಣೂರಿಗೆ ಹೋದವರು ಅಲ್ಲಿನ ವೀಳ್ಯದೆಲೆಯ ರುಚಿ ನೋಡದೆ, ದೊಡ್ಡಹುಣಸೆ ಕಲ್ಮಠದ ಬೃಹತ್ ಮರಗಳ ದರ್ಶನ ಮಾಡದೆ ಹಿಂದಿರುಗುವುದು ಅಪರೂಪ. ಕೆಲವು ವರ್ಷಗಳ ಹಿಂದೆ ಹಾವೇರಿಗೆ ಹೋಗಿದ್ದಾಗ ನಾನೂ ಅರ್ಧ ದಿನ ಬಿಡುವು ಮಾಡಿಕೊಂಡು ಆ ಮರಗಳನ್ನು ನೋಡಲು ಹೋದೆ. ಜನರು ಅವುಗಳನ್ನು ದೊಡ್ಡ ಹುಣಸೆ ಎಂದು ಕರೆದರೂ ಹುಣಸೆಗೂ ಅವಕ್ಕೂ ನಂಟಿಲ್ಲ. ಅವು ಆಫ್ರಿಕ ಖಂಡದ ಬಾವೊಬಾಬ್ ಮರಗಳು. ಹಣ್ಣಿನ ತಿರುಳು ಹುಳಿಯಾಗಿರುವುದರಿಂದ ಆ ಹೆಸರು ಬಂದಿರಬೇಕು. ಹತ್ತು ಮಂದಿ ಕೈಕೈ ಹಿಡಿದು ನಿಂತರೂ ಬುಡವನ್ನು ಬಳಸುವುದು ಕಷ್ಟ ಎನ್ನಿಸುವಂತಹ ಗಾತ್ರ.

ಮರದ ನೆರಳಿನಲ್ಲಿ ಮೂವರು ಪದವಿ ವಿದ್ಯಾರ್ಥಿಗಳು, ಇಬ್ಬರು ಹುಡುಗಿಯರು ಮತ್ತು ಒಬ್ಬ ಹುಡುಗ, ಒಂದೇ ಮೊಬೈಲ್ ಫೋನಿನ ಮೇಲೆ ಬಾಗಿ ಕುಳಿತಿದ್ದರು. ತಮ್ಮ ಊರಿನ ಇತಿಹಾಸವನ್ನು ಕುರಿತು ಪ್ರಬಂಧ ಬರೆದು ತರುವಂತೆ ಅಧ್ಯಾಪಕರು ಹೇಳಿದ್ದರಂತೆ. ಒಬ್ಬಳು ಪರದೆಯನ್ನು ನೋಡಿ ಓದುತ್ತಿದ್ದಳು, ಉಳಿದಿಬ್ಬರು ಬರೆದುಕೊಳ್ಳುತ್ತಿದ್ದರು. ಈ ಮರದ ವಯಸ್ಸು ಎಷ್ಟೆಂದು ಬರೆದಿರಿ ಎಂದು ಕೇಳಿದೆ. ‘ಎರಡು ಸಾವಿರ ವರ್ಷ’ ಎಂದಳು ಒಬ್ಬಳು. ‘ಇನ್ನೊಂದು ಕಡೆ ಐನೂರು ಅಂತ ಇದೆ’ ಎಂದ ಹುಡುಗ. ಹಾಗಾದರೆ ಯಾವುದನ್ನು ಬರೆದಿರಿ ಎಂದೆ. ದೊಡ್ಡ ಸಂಖ್ಯೆಯನ್ನೇ ಬರೆದಿದ್ದರು. ಇದನ್ನು ಬರೆದವರು ಯಾರು ಎಂದು ಕೇಳಿದಾಗ ಮೂವರೂ ನನ್ನ ಮುಖವನ್ನು ನೋಡಿದರು. ‘ಮೊಬೈಲಿನಲ್ಲಿದೆ, ಸಾರ್’ ಎಂಬುದೇ ಉತ್ತರ.

ಕಾಲೇಜಿನ ಗ್ರಂಥಾಲಯದಲ್ಲಿ ವಿಚಾರಿಸಲಿಲ್ಲವೇ ಎಂದೆ. ಗ್ರಂಥಾಲಯದೊಳಗೆ ಮೊಬೈಲ್ ನಿಷೇಧ, ಬಾಗಿಲಲ್ಲೇ ಫಲಕವಿದೆ ಎಂದರು. ಹೀಗಾಗಿ ಮೊಬೈಲಿನ ಓದು ಮರದ ಕೆಳಗೆ, ಪುಸ್ತಕದ ಓದು ಕಟ್ಟಡದೊಳಗೆ. ಅವೆರಡೂ ಒಂದನ್ನೊಂದು ಭೇಟಿಯಾದದ್ದೇ ಇಲ್ಲ. ಅದು ಯಾವ ಕಾಲೇಜೆಂದು ನಾನು ಕೇಳಲಿಲ್ಲ. ಕೇಳುವ ನೈತಿಕ ಹಕ್ಕೂ ನನಗಿರಲಿಲ್ಲ. ಏಕೆಂದರೆ ಅಂತಹುದೇ ಫಲಕವೊಂದನ್ನು ಹಿಂದೊಮ್ಮೆ ನಾನೇ ಬರೆಸಿ ತೂಗುಹಾಕಿದ್ದೆ. ಆ ಕಥೆಗೆ ಆಮೇಲೆ ಬರುತ್ತೇನೆ. ಅದಕ್ಕೆ ಮುನ್ನ, ಗ್ರಂಥಾಲಯವನ್ನು ಬಳಸುವುದು ಹೇಗೆಂದು ಕಲಿಸುವ ಕೆಲಸಕ್ಕೂ ಗ್ರಂಥಾಲಯದ ಬಾಗಿಲಲ್ಲಿ ನಿಂತು ತಡೆಯುವ ಕೆಲಸಕ್ಕೂ ಇರುವ ಹಳೆಯ ಸಂಬಂಧವನ್ನು ಸ್ವಲ್ಪ ನೋಡೋಣ.

ನಮ್ಮ ಧರ್ಮಸಭೆಯ ಚರಿತ್ರೆಯಲ್ಲಿ ಈ ಎರಡೂ ಕೆಲಸಗಳು ಅಕ್ಕಪಕ್ಕದಲ್ಲೇ ಬೆಳೆದವು. ಆರನೆಯ ಶತಮಾನದ ಇಟಲಿಯಲ್ಲಿ ಕಸ್ಸಿಯೊಡೋರಸ್ ಎಂಬ ರಾಜಮಂತ್ರಿಯಿದ್ದ. ರಾಜಕಾರ್ಯದಿಂದ ನಿವೃತ್ತನಾದ ಮೇಲೆ ಆತ ದಕ್ಷಿಣದ ತನ್ನ ಸ್ವಂತ ಜಮೀನಿನಲ್ಲಿ ವಿವಾರಿಯಂ ಎಂಬ ಮಠವನ್ನು ಕಟ್ಟಿ, ಅಲ್ಲಿ ಪುಸ್ತಕಗಳನ್ನು ಕೂಡಿಹಾಕಿದ. ಕೂಡಿಹಾಕಿ ಸುಮ್ಮನಾಗಲಿಲ್ಲ. ಪವಿತ್ರ ಗ್ರಂಥದ ಯಾವ ಭಾಗವನ್ನು ಓದುವಾಗ ಯಾವ ವ್ಯಾಖ್ಯಾನವನ್ನು ಜೊತೆಗಿಟ್ಟುಕೊಳ್ಳಬೇಕು, ಯಾವುದು ಮಠದ ಭಂಡಾರದಲ್ಲಿದೆ, ಪ್ರತಿಲಿಪಿ ಮಾಡುವವರು ತಪ್ಪುಗಳನ್ನು ಹೇಗೆ ತಿದ್ದಬೇಕು ಎಂಬುದನ್ನೆಲ್ಲ ತಿಳಿಸುವ ‘ಇನ್‌ಸ್ಟಿಟ್ಯೂಷಿಯೋನೆಸ್’ ಎಂಬ ಕೈಪಿಡಿಯನ್ನು ತನ್ನ ಮಠವಾಸಿಗಳಿಗಾಗಿ ಬರೆದ. ಇಂದು ಕಾಲೇಜುಗಳಲ್ಲಿ ಗ್ರಂಥಾಲಯ ಬೋಧನೆ ಎಂದು ಯಾವುದನ್ನು ಕರೆಯುತ್ತಾರೋ ಅದರ ಹಿರಿಯಜ್ಜ ಈ ಪುಸ್ತಕ.

ಅದೇ ಶತಮಾನದ ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯ 48ನೆಯ ಅಧ್ಯಾಯದಲ್ಲಿ ತಪಸ್ಸುಕಾಲದ ಆರಂಭದಲ್ಲಿ ಪ್ರತಿಯೊಬ್ಬ ಮಠವಾಸಿಗೂ ಒಂದು ಪುಸ್ತಕವನ್ನು ಕೊಡಬೇಕೆಂದೂ ಆತ ಅದನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಓದಬೇಕೆಂದೂ ವಿಧಿಸಿದರು. ಓದುವ ವೇಳೆಯಲ್ಲಿ ಒಬ್ಬಿಬ್ಬರು ಹಿರಿಯರು ಮಠವನ್ನು ಸುತ್ತುತ್ತ, ಯಾರು ಓದುತ್ತಿದ್ದಾರೆ, ಯಾರು ಹರಟುತ್ತಿದ್ದಾರೆ ಎಂದು ನೋಡಬೇಕೆಂಬ ಮಾತೂ ಅಲ್ಲಿದೆ. ವಾಚನಾಲಯದಲ್ಲಿ ಗದ್ದಲವನ್ನು ಅಡಗಿಸುತ್ತ ಓಡಾಡುವ ನಮ್ಮ ಗ್ರಂಥಪಾಲಕರಿಗೆ ಇಷ್ಟು ಹಳೆಯ ವಂಶಾವಳಿ ಇದೆಯೆಂದು ತಿಳಿದರೆ ಸಂತೋಷವಾಗಬಹುದು.

ಕನ್ನಡ ನಾಡಿನಲ್ಲಿಯೂ ಈ ಪರಂಪರೆ ಕಡಿಮೆಯದಲ್ಲ. ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನವೊಂದಿತ್ತು. ಅಲ್ಲಿನ 1058ರ ಶಾಸನವು 200 ಮಂದಿ ವೇದಾಧ್ಯಯನದ ವಿದ್ಯಾರ್ಥಿಗಳನ್ನೂ 52 ಮಂದಿ ಶಾಸ್ತ್ರಾಧ್ಯಯನದ ವಿದ್ಯಾರ್ಥಿಗಳನ್ನೂ ಆರು ಮಂದಿ ಉಪಾಧ್ಯಾಯರನ್ನೂ ಹೆಸರಿಸಿ, ಅವರೊಂದಿಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಉಲ್ಲೇಖಿಸುತ್ತದೆ. ಭಂಡಾರಿಗರೆಂದರೆ ಗ್ರಂಥಪಾಲಕರು. ಓದುಗರೇ, ಈ ಲೆಕ್ಕವನ್ನು ಇನ್ನೊಮ್ಮೆ ಗಮನಿಸಬೇಕು. ಆರು ಉಪಾಧ್ಯಾಯರಿಗೆ ಆರು ಗ್ರಂಥಪಾಲಕರು! ಇಂದು ಒಬ್ಬನೇ ಗ್ರಂಥಪಾಲಕನಿರುವ ಕಾಲೇಜನ್ನು ಅದೃಷ್ಟವಂತ ಕಾಲೇಜೆಂದು ಭಾವಿಸುವ ನಮಗೆ ಇದು ಕನಸಿನ ಮಾತಾಗಿ ತೋರುತ್ತದೆ. ಇನ್ನು ಸವಣೂರಿಗೆ ಹೆಚ್ಚು ದೂರವಲ್ಲದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಎಲ್ಲರೂ ಬಲ್ಲ ಸಂಗತಿ. ಅಚ್ಚುಯಂತ್ರವಿಲ್ಲದ ಕಾಲದಲ್ಲಿ ಪುಸ್ತಕವನ್ನು ಓದುಗನ ಕೈಗೆ ಕಳುಹಿಸಿದ ಆ ತಾಯಿ ಗ್ರಂಥಾಲಯವನ್ನೇ ನಡೆಯುವಂತೆ ಮಾಡಿದಳು ಎನ್ನಬಹುದು.

ಇದರ ಮಗ್ಗುಲಲ್ಲೇ ಸರಪಳಿಯ ಕಥೆಯೂ ಇದೆ. ಇಟಲಿಯ ಚೆಸೆನಾ ನಗರದ ಮಲತೆಸ್ತಿಯಾನಾ ಗ್ರಂಥಾಲಯ ಹದಿನೈದನೆಯ ಶತಮಾನದ ನಡುಗಾಲದಲ್ಲಿ ಆರಂಭವಾಯಿತು. ಅಲ್ಲಿ ಹಸ್ತಪ್ರತಿಗಳನ್ನು ಓದುವ ಮೇಜುಗಳಿಗೆ ಕಬ್ಬಿಣದ ಸರಪಳಿಗಳಿಂದ ಬಿಗಿದಿರುವುದನ್ನು ಈಗಲೂ ಕಾಣಬಹುದು. ಸರಪಳಿ ಹಾಕಿದವರು ಜ್ಞಾನದ ವೈರಿಗಳಾಗಿರಲಿಲ್ಲ. ಒಂದು ಗ್ರಂಥದ ಪ್ರತಿ ಮಾಡಲು ಒಬ್ಬನ ತಿಂಗಳುಗಟ್ಟಲೆ ದುಡಿಮೆ ಬೇಕಾಗಿತ್ತು, ಹಿಂಡು ಕುರಿಗಳ ಚರ್ಮ ಬೇಕಾಗಿತ್ತು. ಕಳೆದುಹೋದರೆ ಮತ್ತೆ ಸಿಗದು ಎಂಬ ನಿಜವಾದ ಭಯ ಆ ಸರಪಳಿಯ ಹಿಂದೆ ಇತ್ತು. ಆದರೆ ಮುದ್ರಿತ ಪುಸ್ತಕ ಬಂದು ಆ ಭಯದ ಕಾರಣ ಮರೆಯಾದ ಮೇಲೂ ಅನೇಕ ಕಡೆ ಸರಪಳಿಗಳು ಬಹುಕಾಲ ಉಳಿದುಕೊಂಡವು.

ಮುದ್ರಣವನ್ನು ಕಂಡು ಬೆದರಿದವರೂ ಇದ್ದರು. ಜರ್ಮನಿಯ ಸ್ಪೋನ್‌ಹೈಮ್ ಮಠದ ಅಧಿಪತಿ ಯೋಹಾನ್ನೆಸ್ ಟ್ರಿಥೇಮಿಯಸ್ 1492ರಲ್ಲಿ ಲಿಪಿಕಾರರನ್ನು ಹೊಗಳಿ ಒಂದು ಪುಸ್ತಕ ಬರೆದರು. ಚರ್ಮದ ಮೇಲೆ ಬರೆದದ್ದು ಸಾವಿರ ವರ್ಷ ಬಾಳುತ್ತದೆ, ಕಾಗದದ ಮೇಲೆ ಅಚ್ಚಾದದ್ದು ಎಷ್ಟು ಕಾಲ ಉಳಿದೀತು, ಕೈಯಿಂದ ಬರೆಯುವವನ ಮನಸ್ಸಿನಲ್ಲಿ ಮಾತು ನೆಲೆಗೊಳ್ಳುತ್ತದೆ ಎಂಬುದು ಅವರ ವಾದದ ತಿರುಳು. 1494ರಲ್ಲಿ ಆ ಪುಸ್ತಕವನ್ನು ಅವರು ಮೈನ್ಸ್ ನಗರದಲ್ಲಿ ಅಚ್ಚು ಹಾಕಿಸಿದರು! ಗುರುಮಠದಲ್ಲಿ ಈ ಪ್ರಸಂಗವನ್ನು ನಮ್ಮ ಚರಿತ್ರೆಯ ಅಧ್ಯಾಪಕರು ಹೇಳಿದಾಗ ನಾವೆಲ್ಲ ನಕ್ಕಿದ್ದೆವು. ಈಗ ನಗಲಾರೆ. ಟ್ರಿಥೇಮಿಯಸ್ ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು. ಬರೆದುಕೊಂಡದ್ದು ನೆನಪಿನಲ್ಲಿ ಉಳಿಯುತ್ತದೆ ಎಂಬುದನ್ನು ಯಾವ ಅಧ್ಯಾಪಕನೂ ಅಲ್ಲಗಳೆಯಲಾರ. ಅವರು ಮುದ್ರಿತ ಪುಸ್ತಕಗಳನ್ನು ಮಠದಿಂದ ಹೊರಗಿಡಲಿಲ್ಲ ಎಂಬುದನ್ನೂ ಹೇಳಬೇಕು. ಅವರ ಕಾಲದಲ್ಲಿ ಸುಮಾರು ಎರಡು ಸಾವಿರಕ್ಕೆ ಬೆಳೆದ ಆ ಮಠದ ಗ್ರಂಥಭಂಡಾರದಲ್ಲಿ ಹಸ್ತಪ್ರತಿಗಳೂ ಮುದ್ರಿತ ಪುಸ್ತಕಗಳೂ ಒಟ್ಟಿಗೆ ಇದ್ದವು.

ಭಾರತದಲ್ಲಿ ಸರಪಳಿಯನ್ನು ಬಿಚ್ಚಿದವರಲ್ಲಿ ಮೊದಲ ಹೆಸರು ಶಿಯಾಳಿ ರಾಮಾಮೃತ ರಂಗನಾಥನ್ ಅವರದು. ಅವರಿಗಿಂತ ಮುಂಚೆ, 1910ರಲ್ಲಿ, ಬರೋಡದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರು ಅಮೆರಿಕದಿಂದ ಬೋರ್ಡನ್ ಎಂಬುವರನ್ನು ಕರೆಸಿ ಗ್ರಂಥಾಲಯಗಳ ಜಾಲವನ್ನು ಕಟ್ಟಿಸಿದ್ದರು ನಿಜ. ಆದರೆ ಓದುಗನನ್ನು ಗ್ರಂಥಾಲಯದ ಕೇಂದ್ರದಲ್ಲಿ ಕೂರಿಸಿ ಒಂದು ಶಾಸ್ತ್ರವನ್ನೇ ರಚಿಸಿದವರು ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ತರಬೇತಿಗಾಗಿ ಲಂಡನ್ನಿಗೆ ಹೋಗಿ, ಹಿಂದಿರುಗಿ ಬಂದು, ಓದುಗರೇ ಕಪಾಟಿನ ಬಳಿಗೆ ಹೋಗಿ ಪುಸ್ತಕವನ್ನು ಮುಟ್ಟಿ ನೋಡುವ ಮುಕ್ತ ಪದ್ಧತಿಯನ್ನು ತಂದರು. 1931ರಲ್ಲಿ ಪ್ರಕಟವಾದ ಅವರ ಐದು ಸೂತ್ರಗಳ ಸಾರವನ್ನು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳೆಲ್ಲ ಬಲ್ಲರು. ಪುಸ್ತಕ ಇರುವುದು ಬಳಕೆಗೆ, ಓದುಗನಿಗೆ ತಕ್ಕ ಪುಸ್ತಕ ಸಿಗಬೇಕು, ಪುಸ್ತಕಕ್ಕೆ ತಕ್ಕ ಓದುಗ ಸಿಗಬೇಕು, ಓದುಗನ ಸಮಯ ಉಳಿಯಬೇಕು, ಗ್ರಂಥಾಲಯ ಬೆಳೆಯುತ್ತಿರುವ ಜೀವಿ. ಇವುಗಳಲ್ಲಿ ಒಂದಾದರೂ ಕಟ್ಟಡವನ್ನು ಕುರಿತದ್ದಲ್ಲ. ಹೊಸದಾಗಿ ಬಂದ ವಿದ್ಯಾರ್ಥಿಯನ್ನು ಕೈಹಿಡಿದು ಗ್ರಂಥಾಲಯಕ್ಕೆ ಪರಿಚಯಿಸುವುದು ಪುಸ್ತಕ ಕೊಡುವಷ್ಟೇ ಮುಖ್ಯವಾದ ಸೇವೆಯೆಂದು ಅವರು ಕಲಿಸಿದರು.

ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಅಲ್ಲಿ ದಾಖಲಾತಿ ಸಂಶೋಧನಾ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. 1972ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದದ್ದು 1965ರಲ್ಲಿ, ಅವರು ಇನ್ನೂ ನಮ್ಮ ನಡುವೆ ಇದ್ದಾಗ. ಕಾಯಿದೆ ಬಂತು, ಗ್ರಂಥಾಲಯ ಕರ ಬಂತು, ಕಾಲೇಜುಗಳು ಹೆಚ್ಚಿದವು. ಕಪಾಟುಗಳಿಗೆ ಬೀಗಗಳು ಮಾತ್ರ ಹಾಗೆಯೇ ಇದ್ದವು. ನಾನು ಕಂಡ ಎಷ್ಟೋ ಕಾಲೇಜುಗಳಲ್ಲಿ ವಿದ್ಯಾರ್ಥಿ ಚೀಟಿ ಬರೆದು ಕಿಂಡಿಯಲ್ಲಿ ಕೊಡಬೇಕು. ಒಳಗಿನಿಂದ ‘ಇಲ್ಲ’ ಎಂಬ ಉತ್ತರ ಬಂದರೆ ತಿರುಗಿ ಹೋಗಬೇಕು. 954.87 ಎಂಬ ಸಂಖ್ಯೆಯ ಬಳಿ ಕರ್ನಾಟಕದ ಚರಿತ್ರೆಯೂ 894.814ರ ಬಳಿ ಕನ್ನಡ ಸಾಹಿತ್ಯವೂ ಇರುತ್ತವೆ ಎಂಬುದನ್ನು ತಿಳಿಯದೆಯೇ ಪದವಿ ಪಡೆದು ಹೊರಬಂದವರು ಸಾವಿರಾರು ಮಂದಿ. ವರ್ಷದ ಆರಂಭದಲ್ಲಿ ಅರ್ಧ ಗಂಟೆಯ ಪರಿಚಯ ಭಾಷಣ, ಅಲ್ಲಿಗೆ ಗ್ರಂಥಾಲಯ ಬೋಧನೆ ಮುಗಿಯಿತು.

ಈ ಸ್ಥಿತಿಯಲ್ಲಿ ಮೊಬೈಲ್ ಬಂತು. ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತದಿಂದ ದೆಹಲಿಗೆ ಹೋಯಿತು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಮಾತನಾಡಿದರು, ಕೇಂದ್ರ ಮಂತ್ರಿ ಸುಖರಾಮ್ ಕೇಳಿದರು. ಆಗ ಅದು ಶ್ರೀಮಂತರ ಆಭರಣ. ಹತ್ತು ವರ್ಷಗಳೊಳಗೆ ಅದು ತರಗತಿಯೊಳಗೆ ಬಂದು ರಿಂಗಣಿಸತೊಡಗಿತು. ಕ್ಯಾಮೆರಾ ಸೇರಿಕೊಂಡಿತು. ಹೆಣ್ಣುಮಕ್ಕಳ ಅರಿವಿಗೆ ಬಾರದಂತೆ ಅವರ ಚಿತ್ರ ತೆಗೆಯುವ ಕೀಟಲೆಗಳ ದೂರುಗಳು ಬರತೊಡಗಿದವು. ಆಡಳಿತ ನಡೆಸುವವರು ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ.

2012ರ ಸುಮಾರಿಗೆ ಕಾಲೇಜೊಂದರಲ್ಲಿ ಗ್ರಂಥಾಲಯದ ಮೇಲ್ವಿಚಾರಣೆಯೂ ನನ್ನ ಪಾಲಿಗೆ ಬಂದಿತ್ತು. ಬಾಗಿಲಲ್ಲಿ ಮರದ ಒಂದು ಪೆಟ್ಟಿಗೆಯನ್ನು ಇರಿಸಿದೆ, ಒಳಗೆ ಬರುವವರು ಮೊಬೈಲನ್ನು ಅದರಲ್ಲಿ ಹಾಕಿ ಬರಬೇಕು. ಮೇಲೆ ಫಲಕ. ವಾಚನಾಲಯ ನಿಶ್ಶಬ್ದವಾಯಿತು, ನನಗೆ ಹೆಮ್ಮೆಯಾಯಿತು. ಒಂದು ಮಧ್ಯಾಹ್ನ ಚರಿತ್ರೆಯ ವಿದ್ಯಾರ್ಥಿನಿಯೊಬ್ಬಳು ಶಾಸನಗಳ ಸಂಪುಟವೊಂದನ್ನು ಹಿಡಿದು ನನ್ನ ಕೋಣೆಗೆ ಬಂದಳು. ಪರಾಮರ್ಶನ ಗ್ರಂಥವಾದ್ದರಿಂದ ಅದನ್ನು ಮನೆಗೆ ಕೊಡುವಂತಿರಲಿಲ್ಲ. ವಿದ್ಯುತ್ ಇಲ್ಲದೆ ಜೆರಾಕ್ಸ್ ಯಂತ್ರ ನಿಂತಿತ್ತು. ಪೆಟ್ಟಿಗೆಯಲ್ಲಿರುವ ತನ್ನ ಮೊಬೈಲಿನಿಂದ ಎಂಟು ಪುಟಗಳ ಚಿತ್ರ ತೆಗೆದುಕೊಳ್ಳಲು ಅನುಮತಿ ಬೇಕೆಂದಳು. ತಂದೆ ಹೊಲದ ಸಾಲ ತೀರಿಸಿದ ವರ್ಷ ಕೊಡಿಸಿದ ಫೋನು ಎಂದು ಯಾಕೋ ಸೇರಿಸಿದಳು. ನಿಯಮ ಎಲ್ಲರಿಗೂ ಒಂದೇ ಎಂದೆ. ಆಕೆ ಕುಳಿತು ಕೈಯಲ್ಲಿ ಬರೆಯತೊಡಗಿದಳು. ನಾಲ್ಕೂವರೆಯ ಬಸ್ಸಿಗೆ ಎದ್ದಾಗ ಮೂರು ಪುಟಗಳು ಮುಗಿದಿದ್ದವು. ಆಮೇಲೆ ಆಕೆ ಆ ವಿಷಯವನ್ನೇ ಕೈಬಿಟ್ಟು, ಮಾರ್ಗದರ್ಶಿ ಪುಸ್ತಕದಿಂದ ಸುಲಭದ ಬೇರೊಂದು ವಿಷಯವನ್ನು ಆರಿಸಿಕೊಂಡಳೆಂದು ಅಧ್ಯಾಪಕರು ಹೇಳಿದರು. ಕೈಬರಹವನ್ನು ಹೊಗಳಿದ ಟ್ರಿಥೇಮಿಯಸ್ ಅಂದು ನನ್ನ ಪಕ್ಷದಲ್ಲಿ ಇದ್ದಿರಬಹುದು. ರಂಗನಾಥನ್ ಖಂಡಿತ ಇರಲಿಲ್ಲ.

ನಾನೊಬ್ಬನೇ ಹಾಗಿದ್ದೆನೆಂದು ಹೇಳಿದರೆ ಅದು ಸುಳ್ಳು ವಿನಯವಾದೀತು. 2019ರಲ್ಲಿ ಶಿರಸಿಯ ಕಾಲೇಜೊಂದರ ಮುಖ್ಯಸ್ಥರು ವಿದ್ಯಾರ್ಥಿಗಳ ಮೊಬೈಲುಗಳನ್ನು ಅವರೆದುರಿಗೇ ಸುತ್ತಿಗೆಯಿಂದ ಒಡೆದ ದೃಶ್ಯವನ್ನು ದೇಶವೇ ನೋಡಿತು, ಮೊಬೈಲಿನಲ್ಲಿಯೇ. ಮುಂದಿನ ವರ್ಷದ ಮಾರ್ಚ್ ತಿಂಗಳಲ್ಲಿ ಕೊರೊನಾ ರೋಗದ ಕಾರಣ ಕಾಲೇಜುಗಳು ಮುಚ್ಚಿದವು. ಮೊಬೈಲ್ ತರಬಾರದೆಂದು ಗದರಿಸಿದ್ದ ನಾವೇ, ಮೊಬೈಲ್ ಇಲ್ಲದ ಮಕ್ಕಳು ಪಾಠಕ್ಕೆ ಹಾಜರಾಗುವುದಿಲ್ಲವೆಂದು ದೂರತೊಡಗಿದೆವು. ಹಳ್ಳಿಗಳಲ್ಲಿ ಸಂಕೇತ ಸಿಗುವ ಗುಡ್ಡವನ್ನೋ ಮರವನ್ನೋ ಹುಡುಕಿ ಹತ್ತಿದ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಅದೇ 2020ರಲ್ಲಿ ರಾಜ್ಯ ಸರ್ಕಾರವು ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವನ್ನು ಆರಂಭಿಸಿತು.

ವಾಸ್ತವವಾಗಿ ಅದಕ್ಕೂ ಹತ್ತು ವರ್ಷಗಳ ಮುಂಚೆಯೇ ಬಾಗಿಲು ತೆರೆದಿತ್ತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ಕಾಲೇಜುಗಳಿಗಾಗಿ ಎನ್-ಲಿಸ್ಟ್ ಎಂಬ ಯೋಜನೆಯನ್ನು 2010ರಲ್ಲಿ ಜಾರಿಗೆ ತಂದಿತು. ಕಾಲೇಜು ವಾರ್ಷಿಕ ಶುಲ್ಕ ಕಟ್ಟಿದರೆ ಅದರ ವಿದ್ಯಾರ್ಥಿಗಳು ಸಾವಿರಾರು ವಿದ್ವತ್ಪತ್ರಿಕೆಗಳನ್ನೂ ಲಕ್ಷಾಂತರ ಪುಸ್ತಕಗಳನ್ನೂ ಅಂತರಜಾಲದಲ್ಲಿ ಓದಬಹುದು. 2018ರ ಜೂನ್ ತಿಂಗಳಲ್ಲಿ ಖರಗ್‌ಪುರದ ಐ.ಐ.ಟಿ. ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವು ದೇಶಕ್ಕೆ ಸಮರ್ಪಿತವಾಯಿತು. ಇವೆರಡೂ ಅಂಗೈಯಲ್ಲಿರುವ ಫೋನಿನಲ್ಲಿ ತೆರೆದುಕೊಳ್ಳುತ್ತವೆ. ತಾಲ್ಲೂಕು ಕೇಂದ್ರದ ಕಾಲೇಜೊಂದು ನೂರು ವರ್ಷ ಹಣ ಕೂಡಿಸಿದರೂ ಕೊಳ್ಳಲಾಗದಷ್ಟು ಸಂಪತ್ತು ಅದು. ಆದರೆ ಎನ್-ಲಿಸ್ಟಿಗೆ ಪ್ರವೇಶಿಸಲು ಬೇಕಾದ ಹೆಸರನ್ನೂ ಗುಪ್ತಪದವನ್ನೂ ಕಾಲೇಜಿನ ಮೂಲಕವೇ ವಿದ್ಯಾರ್ಥಿ ಪಡೆಯಬೇಕು. ಸಾಮಾನ್ಯವಾಗಿ ಅದು ಗ್ರಂಥಪಾಲಕರ ಕೆಲಸ. ಗ್ರಂಥಪಾಲಕರ ಹುದ್ದೆ ಖಾಲಿ ಇದ್ದರೆ, ಅಥವಾ ಬಾಗಿಲಲ್ಲಿ ಪೆಟ್ಟಿಗೆ ಇದ್ದರೆ, ಅದು ಯಾರಿಗೂ ತಿಳಿಯದ ನಿಕ್ಷೇಪ.

ಬಾಗಿಲು ತೆರೆದರೆ ಸಾಕೇ? ಇಲ್ಲಿಯೇ ನನ್ನ ಮನಸ್ಸು ಅರ್ಧ ಹಿಂಜರಿಯುತ್ತದೆ. ಪುಸ್ತಕವು ಓದುಗನನ್ನು ಒಂದು ಕಡೆ ಕೂರಿಸುತ್ತದೆ, ಮೊಬೈಲು ಪ್ರತಿ ನಿಮಿಷಕ್ಕೂ ಎಬ್ಬಿಸುತ್ತದೆ. ಬೆನೆಡಿಕ್ಟರು ಹೇಳಿದಂತೆ ಮೊದಲಿನಿಂದ ಕೊನೆಯವರೆಗೆ ಓದುವ ಅಭ್ಯಾಸ ಅದರಿಂದ ಬೆಳೆಯುವುದಿಲ್ಲ. ನಾನೀಗ ಪ್ರಯಾಣದಲ್ಲಿ ಜಪಮಾಲೆಯ ಜೊತೆಗೆ ದೈನಂದಿನ ಪ್ರಾರ್ಥನಾವಿಧಿಯನ್ನೂ ಮೊಬೈಲಿನಲ್ಲಿಯೇ ಓದುತ್ತೇನೆ. ಒಮ್ಮೆ ಬಸ್ಸಿನಲ್ಲಿ ನಮ್ಮ ಧರ್ಮಕೇಂದ್ರದ ಅಜ್ಜಿಯೊಬ್ಬರು ‘ಫಾದರೂ ಶುರು ಹಚ್ಚಿಕೊಂಡರು’ ಎಂದು ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿಸಿತು. ಕೀರ್ತನೆಯ ನಡುವೆ ಯಾರದೋ ಹುಟ್ಟುಹಬ್ಬದ ಸಂದೇಶ ಇಣುಕಿದಾಗ ಅಜ್ಜಿಯ ಮಾತು ಪೂರ್ತಿ ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಕನ್ನಡದ್ದೇ ಆದ ತೊಡಕುಗಳೂ ಇವೆ. 2012ರ ತನಕವೂ ಅನೇಕ ಫೋನುಗಳಲ್ಲಿ ಕನ್ನಡದ ಅಕ್ಷರಗಳು ಖಾಲಿ ಚೌಕಗಳಾಗಿ ಕಾಣುತ್ತಿದ್ದವು. ಇಂದು ಕಾಣುತ್ತವೆ, ಆದರೆ ಹಳೆಯ ಅಕ್ಷರವಿನ್ಯಾಸಗಳಲ್ಲಿ ಜೋಡಿಸಿದ ಬರಹಗಳು ಯೂನಿಕೋಡಿನಲ್ಲಿ ಹುಡುಕಿದವನ ಕೈಗೆ ಸಿಗುವುದಿಲ್ಲ. ಇದ್ದೂ ಇಲ್ಲದಂತೆ ಇರುತ್ತವೆ. ಸಿಕ್ಕದಿದ್ದರೆ ‘ಇಲ್ಲ’ ಎಂದು ತೀರ್ಮಾನಿಸುವ ವಿದ್ಯಾರ್ಥಿಗೆ ಇದನ್ನು ಯಾರಾದರೂ ಹೇಳಬೇಕು. ಬೆಂಗಳೂರಿನಲ್ಲಿ ಸಿ.ಎಂ.ಐ. ಗುರುಗಳು ನಡೆಸುವ ಕ್ರೈಸ್ಟ್ ವಿಶ್ವವಿದ್ಯಾಲಯದ ಭಾಷಾ ವಿದ್ಯಾರ್ಥಿಗಳು 2013ರ ಸುಮಾರಿನಿಂದ ವಿಕಿಪೀಡಿಯ ಮತ್ತು ವಿಕಿಸೋರ್ಸ್‌ಗಳಿಗಾಗಿ ಕೆಲಸ ಮಾಡಿದರು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿಯೂ ಅಂತಹ ಪ್ರಯತ್ನ ನಡೆಯಿತು. ಒಂದು ಲೇಖನವನ್ನು ತಾನೇ ಬರೆದು, ‘ಇದಕ್ಕೆ ಆಧಾರವೇನು’ ಎಂಬ ಆಕ್ಷೇಪವನ್ನು ಎದುರಿಸಿದ ವಿದ್ಯಾರ್ಥಿ ಮುಂದೆ ಪರದೆಯ ಮೇಲೆ ಕಂಡದ್ದನ್ನೆಲ್ಲ ವೇದವಾಕ್ಯವೆಂದು ನಂಬಲಾರ.

ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯದಲ್ಲಿ ಇಥಿಯೋಪಿಯದ ಅಧಿಕಾರಿಯೊಬ್ಬ ರಥದಲ್ಲಿ ಕುಳಿತು ಯೆಶಾಯನ ಪ್ರವಾದನೆಯನ್ನು ಓದುತ್ತ ಹೋಗುವ ಪ್ರಸಂಗ ಬರುತ್ತದೆ. ಆತನ ಕೈಯಲ್ಲಿ ಗ್ರಂಥವಿತ್ತು, ಪಯಣದಲ್ಲಿಯೂ ಓದುವಷ್ಟು ಅನುಕೂಲವಿತ್ತು, ಓದುವ ಆಸೆಯಿತ್ತು. ಇಲ್ಲದಿದ್ದುದು ದಾರಿ ತೋರಿಸುವವನು. ಫಿಲಿಪ್ಪನು ಆ ಗ್ರಂಥವನ್ನು ಕಸಿದುಕೊಳ್ಳಲಿಲ್ಲ. ದೇವಾಲಯಕ್ಕೆ ಹೋಗಿ ಓದು ಎಂದೂ ಹೇಳಲಿಲ್ಲ. ರಥದ ಜೊತೆಜೊತೆಗೆ ಓಡಿ, ಅರ್ಥವಾಗುತ್ತಿದೆಯೇ ಎಂದು ಕೇಳಿ, ಹತ್ತಿ ಪಕ್ಕದಲ್ಲಿ ಕುಳಿತ. ಆ ಮೂವರು ಮಕ್ಕಳ ಮುಂದೆ ನಿಂತಾಗ, ಆಫ್ರಿಕದಿಂದ ಬಂದ ಮರದ ನೆರಳಿನಲ್ಲಿ, ನನಗೆ ಈ ಆಫ್ರಿಕದ ಅಧಿಕಾರಿಯ ನೆನಪಾಯಿತು. ಕಟ್ಟೆಯ ಮೇಲೆ ನಾನೂ ಕುಳಿತೆ.

ಮೊದಲು ಮರದ ವಯಸ್ಸು. ಬಾವೊಬಾಬಿನ ಕಾಂಡದಲ್ಲಿ ವರ್ಷಕ್ಕೊಂದರಂತೆ ನಂಬಿ ಎಣಿಸಬಹುದಾದ ಉಂಗುರಗಳಿರುವುದಿಲ್ಲ, ಎಷ್ಟೋ ವೇಳೆ ಒಳಗೆ ಟೊಳ್ಳಾಗಿರುತ್ತದೆ, ಆದ್ದರಿಂದ ದಪ್ಪ ನೋಡಿ ಆಯುಸ್ಸು ಹೇಳುವುದು ಮೋಸಹೋಗುವ ದಾರಿ ಎಂಬುದನ್ನು ಹುಡುಕಿ ತೆಗೆದೆವು. ಮರಕ್ಕೆ ತನ್ನ ಹೆಸರನ್ನು ಕೊಟ್ಟ ಫ್ರೆಂಚ್ ಸಸ್ಯಶಾಸ್ತ್ರಜ್ಞ ಆಡಾನ್ಸನ್ ಹದಿನೆಂಟನೆಯ ಶತಮಾನದಲ್ಲಿ ಸೆನೆಗಲ್ಲಿನ ಮರಗಳಿಗೆ ಐದು ಸಾವಿರಕ್ಕೂ ಹೆಚ್ಚು ವರ್ಷಗಳ ಆಯುಸ್ಸನ್ನು ಲೆಕ್ಕಹಾಕಿದ್ದರು. ಆದರೆ 2018ರಲ್ಲಿ ಪ್ರಕಟವಾದ ಇಂಗಾಲ ಪರೀಕ್ಷೆಯ ಅಧ್ಯಯನದಲ್ಲಿ ಆಫ್ರಿಕದ ಅತ್ಯಂತ ಹಳೆಯ ಮರಕ್ಕೂ ಸುಮಾರು 2450 ವರ್ಷಗಳಷ್ಟೇ. ಹುಡುಗಿ ‘ಎರಡು ಸಾವಿರ’ವನ್ನು ಹೊಡೆದುಹಾಕಿ ಏನನ್ನೂ ಬರೆಯದೆ ಜಾಗ ಬಿಟ್ಟಳು. ಆ ಖಾಲಿ ಜಾಗವನ್ನು ಕಂಡು ನನಗೆ ಬಹಳ ಸಂತೋಷವಾಯಿತು.

ಆಮೇಲೆ ಊರಿನ ಹೆಸರು. ಇಂಗ್ಲಿಷಿನಲ್ಲಿ ಎರಡು ‘ಓ’ಗಳನ್ನು ಹಾಕಿ ಬರೆದರೆ ದಕ್ಷಿಣ ಕನ್ನಡ ಜಿಲ್ಲೆಯ ಇನ್ನೊಂದು ಸವಣೂರು ಎದುರಾಗುತ್ತದೆ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಸಾವನೋರ್’ ಎಂದೂ ‘ಶಾಹನೂರ್’ ಎಂದೂ ಬರೆದವರುಂಟು. ಒಂದೇ ಕಾಗುಣಿತವನ್ನು ನಂಬಿ ಕುಳಿತವನಿಗೆ ಅರ್ಧ ಚರಿತ್ರೆ ಮುಚ್ಚಿಯೇ ಇರುತ್ತದೆ. ನಾಲ್ಕೂ ರೂಪಗಳನ್ನು ಬರೆದುಕೊಟ್ಟು ಹುಡುಕಲು ಹೇಳಿದೆ. ಹುಡುಗನ ಕೈಗೆ 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗೆಜೆಟಿಯರಿನ ಧಾರವಾಡ ಸಂಪುಟ ಸಿಕ್ಕಿತು. ಕೇವಲ 70 ಚದರ ಮೈಲಿಯಷ್ಟಿದ್ದು 1948ರಲ್ಲಿ ಮುಂಬಯಿ ರಾಜ್ಯದಲ್ಲಿ ವಿಲೀನವಾದ ಸವಣೂರು ಸಂಸ್ಥಾನವನ್ನು ಕುರಿತು ಅದರ ಕೊನೆಯ ಭಾಗದಲ್ಲಿ ಪ್ರತ್ಯೇಕ ಬರಹವೇ ಇದೆ. 1909ರಲ್ಲಿ ಈ ಊರಿನಲ್ಲಿ ಹುಟ್ಟಿ, ಇಲ್ಲಿನ ಮಜೀದ್ ಶಾಲೆಯಲ್ಲಿ ಓದಿದ ವಿನಾಯಕ ಕೃಷ್ಣ ಗೋಕಾಕರು ದೊಡ್ಡ ಗ್ರಂಥಭಂಡಾರಗಳನ್ನು ತಲುಪಲು ಧಾರವಾಡಕ್ಕೆ, ಅಲ್ಲಿಂದ ಆಕ್ಸ್‌ಫರ್ಡಿಗೆ ಹೋಗಬೇಕಾಯಿತು. ಇಂದು ಗ್ರಂಥ ಕಲ್ಮಠದ ಕಟ್ಟೆಗೆ ಬಂದಿತ್ತು, ತೀರ ನಿಧಾನವಾಗಿ, ಸಂಕೇತದ ಗೆರೆಗಳು ಮೂಡಿ ಮಾಯವಾಗುತ್ತಿದ್ದ ನಡುವೆ.

ಪುಟ ತೆರೆದುಕೊಳ್ಳುವಷ್ಟರಲ್ಲಿ 1756ರ ಮುತ್ತಿಗೆಯ ಮಾತು ಬಂತು. ಪೇಶ್ವೆ ಬಾಳಾಜಿ ಬಾಜಿರಾಯನ ಸೈನ್ಯವೂ ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳೂ ಸೇರಿ ಸವಣೂರನ್ನು ಸುತ್ತುವರಿದದ್ದನ್ನು ಮರಾಠಿ ಕಾಗದಪತ್ರಗಳು ಒಂದು ರೀತಿ, ಫ್ರೆಂಚರು ಇನ್ನೊಂದು ರೀತಿ ಹೇಳಿಯಾರು. ಗೆಜೆಟಿಯರನ್ನು ಬರೆಸಿದ್ದು ಕಂದಾಯ ಎತ್ತುವ ಆಂಗ್ಲ ಸರ್ಕಾರ. ಬರೆದವನು ಯಾರು, ಯಾರಿಗಾಗಿ ಬರೆದ ಎಂದು ಪ್ರತಿ ಪುಟದಲ್ಲಿಯೂ ಕೇಳಬೇಕೆಂದು ಹೇಳಿದೆ. ಅದುವರೆಗೆ ಹೆಚ್ಚು ಮಾತನಾಡದಿದ್ದ ಎರಡನೆಯ ಹುಡುಗಿ ತಲೆ ಎತ್ತಿ ಕೇಳಿದಳು: ‘ಮುತ್ತಿಗೆಯೊಳಗೆ ಸಿಕ್ಕಿಕೊಂಡಿದ್ದ ನಮ್ಮೂರಿನವರು ಬರೆದದ್ದು ಏನಾದರೂ ಇದೆಯೇ?’

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಪುಣೆಯ ಪೇಶ್ವೆ ದಫ್ತರದಲ್ಲಿ, ರಾಜ್ಯ ಪತ್ರಾಗಾರದಲ್ಲಿ ಯಾವ ಬಗೆಯ ಕಾಗದಗಳನ್ನು ವಿಚಾರಿಸಬಹುದೆಂದು ಒಂದು ಹಾಳೆಯಲ್ಲಿ ಬರೆದು, ಎಲ್ಲಕ್ಕೂ ಮೊದಲು ನಿಮ್ಮ ಕಾಲೇಜಿನ ಗ್ರಂಥಪಾಲಕರಿಗೆ ಇದನ್ನು ತೋರಿಸಿ ಎಂದು ಕೈಗಿತ್ತೆ. ಹಾವೇರಿಯ ಬಸ್ಸಿಗೆ ಹೊತ್ತಾಗಿತ್ತು. ಆಕೆ ಹಾಳೆಯನ್ನು ಕಟ್ಟೆಯ ಮೇಲೆ ಹರಡಿ, ನೆರಳು ಬೀಳದಂತೆ ಪಕ್ಕಕ್ಕೆ ಸರಿದು, ಮೊಬೈಲಿನಲ್ಲಿ ಅದರ ಚಿತ್ರವನ್ನು ತೆಗೆದುಕೊಂಡಳು. ಹಾಳೆಯನ್ನು ಮಡಚಿ ನನಗೇ ಹಿಂದಿರುಗಿಸಿದಳು.